ಹೊಟ್ಟು

ತೋಟಾ ಎಂದರೆ ತೆಂಗಿನದಲ್ಲ, ಬಾಳೆಯದಲ್ಲ.
ಮೊದಲ ದಿನ ನಾನೂ ತಪ್ಪು ತಿಳಿದೇ ಬಂದೆ,
ಕುಡುಗೋಲು ಸಮೇತ.
ಉತ್ತಯ್ಯನವರು ನಕ್ಕರು, ಕೆಮ್ಮಿದರು, ಬೊಗಸೆ ತೆರೆದರು:
ಸುಟ್ಟು ಖಾಲಿಯಾದ ಹಿತ್ತಾಳೆ ಚಿಪ್ಪು,
ಬಾಯಿ ಕಪ್ಪು, ಮೈಯೆಲ್ಲ ಕಂದು.
"ಇವನ್ನ ಆರಿಸಬೇಕು, ಲಿಂಗಾಜಮ್ಮ.
ಎಣಿಸಬೇಕು, ಬೆಳಗಬೇಕು.
ಮತ್ತೆ ತುಂಬೋದು ನನ್ನ ಕೆಲಸ."

ಚಾಮುಂಡಿ ಬೆಟ್ಟದ ಬೆನ್ನಿಗಿರುವ ಈ ರೈಫಲ್ ಕ್ಲಬ್ಬಿನಲ್ಲಿ
ಹಳೇ ಗ್ರೈಂಡರಿನ ಮೋಟಾರಿಗೆ
ಬಣ್ಣದ ಡಬ್ಬ ಅಡ್ಡ ಮಲಗಿಸಿ ಕಟ್ಟಿದ್ದಾರೆ.
ಚಿಪ್ಪು ಹಾಕು, ಜೊತೆಗೆ ಏನಾದರೂ ತರಿ ಹಾಕು,
ಮೂರು ಗಂಟೆ ಉರುಳಲಿ.
ಏನಾದರೂ ಎಂದರೆ ಏನು?
ಅದೇ ಎರಡು ವರ್ಷದ ಜಗಳ.

ಹುಣಸೇಹಣ್ಣು ಅಂದೆ ನಾನು, ನಮ್ಮವ್ವನ ಮಗಳಲ್ಲವೆ.
ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದರೆ
ಹಿತ್ತಾಳೆ ತಾಮ್ರದ ಹಾಗೆ ಕೆಂಪಗೆ ನಾಚಿತ್ತು.
ಕೆಂಪಾದರೆ ಸತ್ವ ಹೋಯಿತು ಅಂತ ಲೆಕ್ಕ.
ಅಷ್ಟನ್ನೂ ಗುಜರಿಗೆ ಬರೆದರು,
ನನ್ನ ಮುಖ ನೋಡಲಿಲ್ಲ.

ಮದ್ದೂರಿನ ಮಿಲ್ಲಿಂದ ಭತ್ತದ ಹೊಟ್ಟು ತಂದೆ, ಪುಕ್ಕಟೆ.
ಹೊಳಪೇನೋ ಬಂತು.
ಬಿಸಿಲಿಗೆ ಹಿಡಿದರೆ ಮೈತುಂಬ ಗೀರು,
ಬೆಕ್ಕಿನ ಜೊತೆ ಆಡಿದ ಮಗುವಿನ ಕೆನ್ನೆ.
ರಾಗಿ ಹೊಟ್ಟು ಬರೀ ದೂಳು, ಸೀನಿ ಸೀನಿ ಸಾಕಾಯಿತು.

ಮಂಡಿ ಮೊಹಲ್ಲಾದ ಖಲಂದರ್ ಸಾಬರು,
ಬೀಟೆ ಹಲಗೆಯಲ್ಲಿ ನವಿಲು ಕೂರಿಸುವವರು,
ಒಂದು ಚೀಲ ಬೀಟೆ ಹೊಟ್ಟು ಕಟ್ಟಿದರು.
ಯಾವುದಕ್ಕೆ ಎಂದರು. ಹೇಳಿದೆ.
ಒಂದು ಗಳಿಗೆ ಚೀಲದ ಬಾಯಿ ಬಿಡಲಿಲ್ಲ ಅವರ ಕೈ.
ಆಮೇಲೆ, "ಗುರಿ ಹಲಗೆಗೆ ತಾನೇ?" ಅಂದು ಬಿಟ್ಟರು.
ಅದರಲ್ಲಿ ಮಿಂದ ಚಿಪ್ಪು
ಹೊಳೆಯಲಿಲ್ಲ. ಘಮ್ಮೆಂದಿತು.

ದೇವರಾಜ ಮಾರುಕಟ್ಟೆಯಲ್ಲಿ ಅಕ್ರೋಟು ಕೇಳಿದೆ,
ತಿರುಳು ಬೇಡ, ಓಡು ಕೊಡಿ.
ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.
ಕುಟ್ಟಿ ಜರಡಿ ಹಿಡಿದರೆ, ಮಸಿ ಕಿತ್ತು ತೆಗೆಯುವುದಕ್ಕೆ
ಅದರಷ್ಟು ಒರಟು ಕೈ ಬೇರೆಯಿಲ್ಲ.
ಮಿರುಗಿಗೆ ಮಾತ್ರ ಮುಸುಕಿನ ಜೋಳದ ಬೆಂಡು.
ಬೆಟ್ಟದ ಪಾದದಲ್ಲಿ ಜನ ತಿಂದೆಸೆಯುವುದನ್ನು
ಪುಟ್ಟಸಿದ್ದಮ್ಮ ನನಗೆಂದೇ ಕೂಡಿಡುತ್ತಾಳೆ.
ಒಣಗಿಸಿ, ಒಡೆದು, ಸಣ್ಣ ನುಚ್ಚಿನಷ್ಟು ಮಾಡಬೇಕು.
ಕೊಂಚ ದಪ್ಪವಾದರೂ
ಚಿಪ್ಪಿನ ಬುಡದ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ.
ಸೇಫ್ಟಿ ಪಿನ್ನಿನಿಂದ ಒಂದೊಂದನ್ನೇ ಚುಚ್ಚಿ ತೆಗೆಯುವಾಗ
ಮಗಳ ಕಿವಿ ಚುಚ್ಚಿಸಿದ ದಿನ ನೆನಪಾಗುತ್ತದೆ, ಯಾಕೋ.

ನಿನ್ನೆ ರಿಜಿಸ್ಟರಿನಲ್ಲಿ ನೂರಾ ನಲವತ್ತು,
ಮೊರದಲ್ಲಿ ನೂರಾ ಮೂವತ್ತೊಂಬತ್ತು.
ಮೂರು ಸಲ ಎಣಿಸಿದೆ.
ಚಿಪ್ಪು ಖಾಲಿಯಾದರೂ ಲೆಕ್ಕ ಖಾಲಿಯಲ್ಲ ಇಲ್ಲಿ.
ಉತ್ತಯ್ಯನವರು ಮಾತಾಡದೆ ಟಾರ್ಚು ತಂದರು.
ಡಬ್ಬ ಬೋರಲು ಹಾಕಿದೆವು, ಚೀಲ ಕೊಡವಿದೆವು.
ಸೆರಗಿನ ಗಂಟನ್ನೂ ಬಿಚ್ಚಿ ತೋರಿಸಿದೆ.
ಅವರು ಕೇಳಿರಲಿಲ್ಲ.
ಕೇಳದೇ ಇದ್ದುದಕ್ಕೇ ಬಿಚ್ಚಿದೆ.

ಕೊನೆಗೆ ಅವರ ತಾತನ ಕಾಲದ
ಹನ್ನೆರಡು ಬೋರಿನ ಹಿತ್ತಾಳೆ ತೋಟಾ ಎತ್ತಿದರೆ
ಅಂಗೈಗೆ ನಾಲ್ಕು ಗುಲಗಂಜಿ ಹೆಚ್ಚು ಭಾರ.
"ಬಸುರಿ ಇದು" ಅಂದೆ.
ಪಿಸ್ತೂಲಿನ ಪುಟ್ಟ ಚಿಪ್ಪು
ಉರುಳುತ್ತ ಉರುಳುತ್ತ ದೊಡ್ಡದರ ಹೊಟ್ಟೆ ಸೇರಿ
ಜೋಳದ ನುಚ್ಚು ಒತ್ತಿಕೊಂಡು ಕೂತಿತ್ತು.
ತಲೆಯ ಪಿನ್ನು ಕೊಟ್ಟೆ, ಅವರು ಮೀಟಿದರು.
ಮೂರು ಗಂಟೆ ಉರುಳಿಯೂ ಅದು ಹೊಳೆದಿರಲಿಲ್ಲ,
ಹೋದ ಹಾಗೇ ಬಂತು, ಮಸಿ ಸಮೇತ.

ಲೆಕ್ಕ ಕೂಡಿತು. ರುಜು ಹಾಕಿ ಅವರು ಹೊರಟರು.
ಅದೊಂದನ್ನೇ ಮತ್ತೆ ಡಬ್ಬಕ್ಕೆ ಹಾಕಿ
ಸ್ವಿಚ್ಚು ಒತ್ತಿದೆ.
ಒಂದೇ ಒಂದು ಚಿಪ್ಪು,
ಅಷ್ಟೊಂದು ಹೊಟ್ಟಿನೊಳಗೆ,
ಎಷ್ಟು ಸದ್ದು.